ಮೀನಿನ ಮೈಮೇಲೆ ಲೋಳೆ ಹೆಚ್ಚಾದಾಗ: ಅಕ್ವೇರಿಯಂ ಮೀನುಗಳ ಒತ್ತಡ, ಲಕ್ಷಣ ಮತ್ತು ಉಪಚಾರ

ಶೃಂಗೇರಿಗೆ ಹೋಗಿಬಂದವರಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎರಚದವರು ವಿರಳ. ಆ ಮೀನುಗಳ ಪಾಲಿಗೆ ನೀರು ಸದಾ ಹರಿಯುತ್ತಿರುತ್ತದೆ. ಕೊಳೆ ಕೊಚ್ಚಿಹೋಗುತ್ತದೆ, ಹೊಸ ನೀರು ಬರುತ್ತಲೇ ಇರುತ್ತದೆ. ನಮ್ಮ ಮನೆಯ ಹಜಾರದಲ್ಲಿರುವ ಗಾಜಿನ ತೊಟ್ಟಿಯ ಮೀನಿಗೆ ಆ ಭಾಗ್ಯವಿಲ್ಲ. ಅದು ತಿನ್ನುವುದೂ ಉಸಿರಾಡುವುದೂ ಮಲ ವಿಸರ್ಜಿಸುವುದೂ ಅದೇ ನಾಲ್ಕು ಬಿಂದಿಗೆ ನೀರಿನಲ್ಲಿ. ಆ ನೀರಿನ ಗುಣ ಕೆಟ್ಟರೆ ಅದಕ್ಕೆ ಓಡಿಹೋಗಲು ಬೇರೆ ಸ್ಥಳವೂ ಇಲ್ಲ.

ಚೆನ್ನೈ ನಗರಕ್ಕೂ ಅಲಂಕಾರಿಕ ಮೀನುಗಳಿಗೂ ಹಳೆಯ ನಂಟು. ಮರೀನಾ ಕಡಲತೀರದಲ್ಲಿ 1909ರಲ್ಲಿಯೇ ಸಾರ್ವಜನಿಕ ಮತ್ಸ್ಯಾಲಯವೊಂದು ಆರಂಭವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು. ಇಂದು ಉತ್ತರ ಚೆನ್ನೈನ ಕೊಳತ್ತೂರು ಬಣ್ಣದ ಮೀನುಗಳ ಸಾಕಣೆಗೂ ಸಗಟು ವ್ಯಾಪಾರಕ್ಕೂ ದೇಶದಲ್ಲೇ ಹೆಸರಾಗಿದೆ. ಹೀಗಾಗಿ ನಮ್ಮ ಕನ್ನಡ ಕುಟುಂಬಗಳ ಅನೇಕ ಮನೆಗಳಲ್ಲಿಯೂ ಮಕ್ಕಳ ಒತ್ತಾಯಕ್ಕೋ ಹಿರಿಯರ ಹವ್ಯಾಸಕ್ಕೋ ಒಂದು ಅಕ್ವೇರಿಯಂ ಬಂದು ಕುಳಿತಿರುತ್ತದೆ. ಆದರೆ ಮೀನಿನ ಮೈಮೇಲೆ ಬಿಳಿಯ ಪೊರೆ ಕಟ್ಟಿದಾಗ, ಅದು ಮೂಲೆ ಸೇರಿ ಸಪ್ಪಗಾದಾಗ ಏನು ಮಾಡಬೇಕೆಂಬುದು ಬಹುತೇಕರಿಗೆ ತಿಳಿದಿರುವುದಿಲ್ಲ. ಅಂಗಡಿಗೆ ಓಡಿ ನೀಲಿಯದೋ ಹಳದಿಯದೋ ಒಂದು ಔಷಧ ತಂದು ಸುರಿಯುವುದೇ ರೂಢಿಯಾಗಿದೆ. ಈ ರೂಢಿಯನ್ನು ಕುರಿತು ಒಂದಿಷ್ಟು ಯೋಚಿಸುವಂತೆ ಮಾಡುವುದು ಈ ಲೇಖನದ ಉದ್ದೇಶ.

ಲೋಳೆಯೆಂಬ ಕವಚ

ಮೀನನ್ನು ಕೈಯಲ್ಲಿ ಹಿಡಿದವರಿಗೆ ಅದರ ಜಾರುವ ಗುಣದ ಅನುಭವವಿರುತ್ತದೆ. ಜಾರುವುದು ಹುರುಪೆಯಿಂದಲ್ಲ, ಅದರ ಮೇಲಿನ ಲೋಳೆಯಿಂದ. ಮೀನಿನ ಹೊರಚರ್ಮದಲ್ಲಿರುವ ವಿಶೇಷ ಜೀವಕೋಶಗಳು ಈ ಲೋಳೆಯನ್ನು ನಿರಂತರವಾಗಿ ಸ್ರವಿಸುತ್ತಿರುತ್ತವೆ. ಹಳೆಯದು ಕಳಚಿ ನೀರಿಗೆ ಸೇರುತ್ತದೆ, ಹೊಸದು ಅದರ ಜಾಗಕ್ಕೆ ಬರುತ್ತದೆ. ಕಿವಿರುಗಳ ಮೇಲೂ ಇದರ ತೆಳುವಾದ ಲೇಪವಿರುತ್ತದೆ.

ಈ ಲೋಳೆ ಮಾಡುವ ಕೆಲಸಗಳು ಹಲವು. ನೀರಿನಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಪರಾವಲಂಬಿಗಳು ಚರ್ಮಕ್ಕೆ ಅಂಟಿಕೊಳ್ಳದಂತೆ ತಡೆಯುವುದು ಮೊದಲನೆಯದು. ರೋಗಾಣುಗಳನ್ನು ಕರಗಿಸುವ ಲೈಸೋಜೈಮ್ ಎಂಬ ಕಿಣ್ವವೂ, ದೇಹದ ರಕ್ಷಣಾ ವ್ಯವಸ್ಥೆಗೆ ಸೇರಿದ ಪ್ರತಿಕಾಯಗಳೂ ಅದರಲ್ಲಿವೆ. ಎರಡನೆಯದು, ಉಪ್ಪು ನೀರುಗಳ ಸಮತೋಲ. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಹೆಚ್ಚು ಲವಣಾಂಶವಿರುವುದರಿಂದ ನೀರು ಸದಾ ಒಳನುಗ್ಗುತ್ತದೆ, ಲವಣ ಹೊರಸೋರುತ್ತದೆ. ಈ ವಿನಿಮಯ ಮಿತಿಮೀರದಂತೆ ಕಾಯುವುದರಲ್ಲಿ ಲೋಳೆಗೂ ಪಾಲಿದೆ. ಮೂರನೆಯದು, ಈಜುವಾಗ ನೀರಿನ ಘರ್ಷಣೆಯನ್ನು ಕಡಿಮೆ ಮಾಡುವುದು. ಅಕ್ವೇರಿಯಂ ಪ್ರಿಯರಿಗೆ ಅಚ್ಚುಮೆಚ್ಚಾದ ಡಿಸ್ಕಸ್ ಮೀನಂತೂ ತನ್ನ ಮೈಯ ಲೋಳೆಯನ್ನೇ ಮರಿಗಳಿಗೆ ಆಹಾರವಾಗಿ ಕೊಡುತ್ತದೆ. ಮರಿಗಳು ತಾಯಿ ಮತ್ತು ತಂದೆ ಮೀನುಗಳೆರಡರ ಮೈಯನ್ನೂ ಮುತ್ತಿಕೊಂಡು ಅದನ್ನು ಮೇಯುತ್ತವೆ.

ಆದುದರಿಂದ ಲೋಳೆ ಇರುವುದು ರೋಗವಲ್ಲ; ಅದು ಆರೋಗ್ಯದ ಲಕ್ಷಣ. ಆರೋಗ್ಯವಂತ ಮೀನಿನಲ್ಲಿ ಅದು ಪಾರದರ್ಶಕವಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಕಾಣಲಾರಂಭಿಸಿದರೆ ಮಾತ್ರ ನಾವು ಎಚ್ಚರಗೊಳ್ಳಬೇಕು. ಹೊಗೆ ತಗುಲಿದಾಗ ನಮ್ಮ ಕಣ್ಣಲ್ಲಿ ನೀರು ಬರುವಂತೆ, ಚರ್ಮಕ್ಕೋ ಕಿವಿರಿಗೋ ಉರಿಯಾದಾಗ ಮೀನು ಅತಿಯಾಗಿ ಲೋಳೆ ಸುರಿಸುತ್ತದೆ.

ಮೀನಿಗೂ ಒತ್ತಡವೇ?

ನಮ್ಮಂತೆಯೇ ಮೀನಿಗೂ ಒತ್ತಡವುಂಟು. ಅಪಾಯವನ್ನು ಗ್ರಹಿಸಿದ ಮೀನಿನ ದೇಹದಲ್ಲಿ ಮೊದಲು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಅದರಿಂದ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ, ಉಸಿರಾಟ ವೇಗವಾಗುತ್ತದೆ, ಲವಣಗಳ ಸಮತೋಲ ತಪ್ಪುತ್ತದೆ. ಅಪಾಯ ಬೇಗ ಕಳೆದರೆ ಎಲ್ಲವೂ ಯಥಾಸ್ಥಿತಿಗೆ ಮರಳುತ್ತದೆ. ದಿನಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ, ಬೆಳವಣಿಗೆ ನಿಲ್ಲುತ್ತದೆ, ತೊಟ್ಟಿಯಲ್ಲಿ ಮೊದಲಿನಿಂದಲೂ ಸುಮ್ಮನಿದ್ದ ರೋಗಾಣುಗಳಿಗೆ ಬಾಗಿಲು ತೆರೆದಂತಾಗುತ್ತದೆ. ನಾವು ಹೊರಗೆ ಕಾಣುವ ರೋಗವು ಎಷ್ಟೋ ವೇಳೆ ಹೀಗೆ ಒತ್ತಡದ ಬೆನ್ನ ಹಿಂದೆ ಬಂದುದಾಗಿರುತ್ತದೆ. ರೋಗಕ್ಕೆ ಮಾತ್ರ ಔಷಧ ಹಾಕಿ ಒತ್ತಡವನ್ನು ಹಾಗೆಯೇ ಉಳಿಸಿದರೆ ಪ್ರಯೋಜನವಿಲ್ಲ.

ಗಮನಿಸಬೇಕಾದ ಲಕ್ಷಣಗಳು

ದಿನವೂ ಆಹಾರ ಹಾಕುವ ಹೊತ್ತಿಗೆ ಎರಡು ನಿಮಿಷ ತೊಟ್ಟಿಯ ಮುಂದೆ ಕುಳಿತರೆ ಈ ಕೆಳಗಿನವು ಕಣ್ಣಿಗೆ ಬೀಳುತ್ತವೆ.

1. ಮೈಮೇಲೆ ಬೂದು ಅಥವಾ ನೀಲಿಮಿಶ್ರಿತ ಬಿಳಿಯ ಪೊರೆ. ಗಾಢ ಬಣ್ಣದ ಮೀನುಗಳಲ್ಲಿ ಬೇಗ ಗುರುತಿಸಬಹುದು. ಕೆಲವೊಮ್ಮೆ ಲೋಳೆ ಎಳೆಎಳೆಯಾಗಿ ಮೈಯಿಂದ ಜೋತುಬಿದ್ದಿರುತ್ತದೆ.
2. ಕಿವಿರಿನ ಮುಚ್ಚಳಗಳು ವೇಗವಾಗಿ ಬಡಿದುಕೊಳ್ಳುವುದು, ಅಥವಾ ಒಂದು ಬದಿಯ ಕಿವಿರು ಮಾತ್ರ ಆಡುವುದು.
3. ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುವುದು.
4. ಈಜುರೆಕ್ಕೆಗಳನ್ನು ಬಿಚ್ಚದೆ ಮೈಗೆ ಅಂಟಿಸಿಕೊಂಡಿರುವುದು.
5. ಕಲ್ಲು, ಮರಳು ಅಥವಾ ಫಿಲ್ಟರಿಗೆ ಮೈಯನ್ನು ತಟಕ್ಕನೆ ಉಜ್ಜಿಕೊಂಡು ಹಾರುವುದು.
6. ಬಣ್ಣ ಮಾಸುವುದು, ಆಹಾರ ನಿರಾಕರಿಸುವುದು, ಗುಂಪಿನ ಮೀನು ಒಂಟಿಯಾಗಿ ಮೂಲೆ ಸೇರುವುದು.

ಇವುಗಳಲ್ಲಿ ಎಲ್ಲ ಮೀನುಗಳೂ ಒಟ್ಟಿಗೆ ಒಂದೇ ದಿನ ಲಕ್ಷಣ ತೋರಿದರೆ ದೋಷ ನೀರಿನಲ್ಲಿದೆಯೆಂದು ಮೊದಲು ಶಂಕಿಸಬೇಕು. ಒಂದು ಮೀನಿನಲ್ಲಿ ಆರಂಭವಾಗಿ ಕೆಲವು ದಿನಗಳಲ್ಲಿ ಉಳಿದವಕ್ಕೆ ಹರಡಿದರೆ ಪರಾವಲಂಬಿ ಅಥವಾ ಸೋಂಕನ್ನು ಶಂಕಿಸಬೇಕು. ಈ ಒಂದು ಭೇದವನ್ನು ನೆನಪಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ನಮ್ಮದೇ ಒಂದು ಪಾಠ

2019ರ ಬೇಸಿಗೆಯನ್ನು ಚೆನ್ನೈ ನಿವಾಸಿಗಳು ಮರೆತಿರಲಾರರು. ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿದ್ದವು; ಜುಲೈ ತಿಂಗಳಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಮನುಷ್ಯರಿಗೇ ನೀರಿಲ್ಲದಾಗ ಮೀನಿಗೆಲ್ಲಿಂದ ತರುವುದೆಂದು ನಾವು ಅನೇಕ ವಾರಗಳ ಕಾಲ ತೊಟ್ಟಿಯ ನೀರನ್ನು ಬದಲಿಸಲಿಲ್ಲ. ಆವಿಯಾದಷ್ಟನ್ನು ಮಾತ್ರ ತುಂಬುತ್ತಿದ್ದೆವು. ನಾಲ್ಕು ಗೋಲ್ಡ್ ಫಿಶ್‌ಗಳು ಹೇಗೋ ಹೊಂದಿಕೊಂಡಿದ್ದವು. ಕೊನೆಗೊಂದು ದಿನ ಲಾರಿಯಲ್ಲಿ ಕೊಳವೆಬಾವಿಯ ನೀರು ಬಂತು. ಪಾಪ, ಮೀನುಗಳಿಗೂ ಹಬ್ಬವಾಗಲಿ ಎಂದು ತೊಟ್ಟಿಯನ್ನು ಪೂರ್ತಿ ಬರಿದುಮಾಡಿ, ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ಕೊಳಾಯಿಯಡಿ ತಿಕ್ಕಿ ತೊಳೆದು, ಮೀನುಗಳನ್ನು ಹಳೆಯ ನೀರಿನ ಪಾತ್ರೆಯ ಸಮೇತ ಹೊಸ ನೀರಿಗೆ ಬಿಟ್ಟೆವು.

ಮರುದಿನ ಬೆಳಗ್ಗೆ ನಾಲ್ಕರ ಮೈಮೇಲೂ ಹಾಲಿನ ಕೆನೆಯಂಥ ಪೊರೆ. ಎಲ್ಲವೂ ಮೇಲ್ಮೈಯಲ್ಲಿ ಏದುಸಿರು ಬಿಡುತ್ತಿದ್ದವು. ಶಿಲೀಂಧ್ರ ರೋಗವೆಂದು ನಾವೇ ತೀರ್ಮಾನಿಸಿ ಮೆಥಿಲೀನ್ ಬ್ಲೂ ಸುರಿದೆವು. ಮೂರು ದಿನಗಳಲ್ಲಿ ಮೂರು ಮೀನುಗಳು ಸತ್ತವು. ಅವಕ್ಕೆ ಹೆಸರಿಟ್ಟು ಕರೆಯುತ್ತಿದ್ದ ಮಗಳು ಒಂದು ವಾರ ಆ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಉಳಿದ ಒಂದನ್ನು ಹೇಗಾದರೂ ಉಳಿಸಬೇಕೆಂದು ಕೊಳತ್ತೂರಿಗೆ ಹೋದಾಗ, ಅಲ್ಲಿನ ಹಿರಿಯ ಸಾಕಣೆದಾರರೊಬ್ಬರು ಮೀನಿನ ವಿಷಯವನ್ನೇ ಕೇಳಲಿಲ್ಲ. ನೀರು ಯಾವಾಗ ಬದಲಿಸಿದಿರಿ, ಎಷ್ಟು ಬದಲಿಸಿದಿರಿ, ಎಲ್ಲಿಯ ನೀರು ಎಂಬ ಮೂರೇ ಪ್ರಶ್ನೆಗಳನ್ನು ಕೇಳಿದರು. ನಮಗೆ ಉತ್ತರ ಅಲ್ಲಿಯೇ ಹೊಳೆಯಿತು.

ಆಗ ನಡೆದುದೇನೆಂದು ಮುಂದೆ ಓದಿ ತಿಳಿದುಕೊಂಡೆವು. ಮೀನಿನ ಕಿವಿರಿನಿಂದಲೂ ಮಲದಿಂದಲೂ ಅಮೋನಿಯಾ ನೀರಿಗೆ ಸೇರುತ್ತದೆ. ಫಿಲ್ಟರಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ನಂತರ ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಕ್ರಿಯೆಯಲ್ಲಿ ನೀರಿನ ಕ್ಷಾರಗುಣ ಖರ್ಚಾಗುತ್ತಾ ಹೋಗುತ್ತದೆ. ಬಹುಕಾಲ ನೀರು ಬದಲಿಸದ ತೊಟ್ಟಿ ಹುಳಿಯಾಗುತ್ತದೆ, ಅಂದರೆ ಪಿಎಚ್ ಇಳಿಯುತ್ತದೆ. ಬ್ಯಾಕ್ಟೀರಿಯಾಗಳು ಮಂದವಾಗಿ ಅಮೋನಿಯಾ ಸಂಗ್ರಹವಾಗುತ್ತದೆ. ಹುಳಿ ನೀರಿನಲ್ಲಿ ಅದು ಬಹುತೇಕ ನಿರಪಾಯ ರೂಪದಲ್ಲಿರುವುದರಿಂದ ಮೀನು ಬದುಕಿರುತ್ತದೆ. 28 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ 1ಕ್ಕಿಂತ ಕಡಿಮೆ. ಪಿಎಚ್ 8 ಆದೊಡನೆ ಅದು ಶೇಕಡಾ 6ನ್ನು ಮೀರುತ್ತದೆ. ಗಡಸಾದ, ಕ್ಷಾರಗುಣದ ನೀರಿಗೆ ಮೀನುಗಳನ್ನು ಏಕಾಏಕಿ ಸಾಗಿಸಿದಾಗ ಪಿಎಚ್‌ನ ಆಘಾತವೂ ಅಮೋನಿಯಾದ ವಿಷವೂ ಒಟ್ಟಿಗೆ ಬಡಿದವು. ಸ್ಪಂಜನ್ನು ತಿಕ್ಕಿ ತೊಳೆದು ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕಳೆದುಕೊಂಡಿದ್ದೆವು. ಅಳಿದುಳಿದವಕ್ಕೂ ಮೆಥಿಲೀನ್ ಬ್ಲೂ ಹಾನಿಮಾಡಿತು. ಮೈಮೇಲಿನ ಪೊರೆ ಶಿಲೀಂಧ್ರವಾಗಿರಲಿಲ್ಲ. ಉರಿಯಿಂದ ಮೀನು ಸುರಿಸಿದ ಲೋಳೆಯಾಗಿತ್ತು. ನಮ್ಮ ಪ್ರೀತಿಯೇ ಅವುಗಳನ್ನು ಕೊಂದಿತು ಎಂಬ ಕೊರಗು ಇಂದಿಗೂ ಇದೆ.

ಚೆನ್ನೈ ನೀರಿನ ಬಹುರೂಪ

ಈ ನಗರದಲ್ಲಿ ಮೀನು ಸಾಕುವವರು ಒಂದು ಸಂಗತಿಯನ್ನು ಮರೆಯಬಾರದು. ಇಲ್ಲಿ ಕೊಳಾಯಿ ಒಂದೇ ಆದರೂ ನೀರು ಒಂದೇ ಅಲ್ಲ. ಮಳೆಯಿಂದ ತುಂಬುವ ಕೆರೆಗಳ ನೀರು, 1996ರಿಂದ ತೆಲುಗು ಗಂಗಾ ಯೋಜನೆಯ ಮೂಲಕ ಬರುವ ಕೃಷ್ಣಾ ನೀರು, 2004ರಿಂದ ವೀರಾಣಂ ಕೆರೆಯ ಮೂಲಕ ಬರುವ ಕಾವೇರಿ ನೀರು, 2010ರಲ್ಲಿ ಮಿಂಜೂರಿನಲ್ಲಿಯೂ 2013ರಲ್ಲಿ ನೆಮ್ಮೇಲಿಯಲ್ಲಿಯೂ ಆರಂಭವಾದ ಘಟಕಗಳು ಉಪ್ಪು ತೆಗೆದು ಕೊಡುವ ಸಮುದ್ರದ ನೀರು, ಇವುಗಳ ಮೇಲೆ ಲಾರಿಯ ನೀರು ಮತ್ತು ಅಪಾರ್ಟ್‌ಮೆಂಟಿನ ಕೊಳವೆಬಾವಿಯ ನೀರು. ತಲಕಾವೇರಿಯ ನೀರು ನಮ್ಮ ಮನೆಯ ತೊಟ್ಟಿಗೂ ಬರುವುದೆಂದು ಹಿಗ್ಗುವುದು ಸರಿಯೇ. ಆದರೆ ಕಾವೇರಿ ಬಂದ ಸಂಪಿಗೆ ಮರುವಾರ ಉಪ್ಪುಗಂಧದ ಕೊಳವೆಬಾವಿ ನೀರು ಬೀಳಬಹುದು. ಒಂದು ಮೃದು, ಇನ್ನೊಂದು ಗಡಸು. ನಮಗೆ ರುಚಿಯಲ್ಲಿ ತಿಳಿಯುವ ಈ ವ್ಯತ್ಯಾಸವು ಮೀನಿಗೆ ಇಡೀ ಮೈಯಲ್ಲಿ ತಿಳಿಯುತ್ತದೆ.

ಇನ್ನು ಕ್ಲೋರಿನ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರು ಬಳಕೆದಾರನನ್ನು ತಲುಪುವಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ನಮ್ಮ ಆರೋಗ್ಯಕ್ಕೆ ಅವಶ್ಯವಾದ ಈ ಪ್ರಮಾಣವು ಮೀನಿನ ಕಿವಿರನ್ನು ಸುಡಲು ಸಾಕು. ಮಳೆ, ಪ್ರವಾಹಗಳ ನಂತರ ಸಂಪಿಗೆ ಬ್ಲೀಚಿಂಗ್ ಪುಡಿ ಹಾಕುವ ವಾಡಿಕೆಯೂ ಇದೆ. ಅಂಥ ನೀರನ್ನು ನೇರವಾಗಿ ತೊಟ್ಟಿಗೆ ಸುರಿದರೆ ಕೆಲವೇ ಗಂಟೆಗಳಲ್ಲಿ ಲೋಳೆ ಕಾಣಿಸಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಏರ್ ಪಂಪ್ ಹಾಯಿಸಿದರೆ ಸಾಮಾನ್ಯ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಗಳಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣವನ್ನು ಬಾಟಲಿಯ ಮೇಲಿನ ಸೂಚನೆಯಂತೆ ಬಳಸಬಹುದು. ಅಡುಗೆಮನೆಯ ಆರ್‌ಒ ಯಂತ್ರದ ನೀರು ಶುದ್ಧವೆಂದು ಅದನ್ನೇ ತುಂಬುವವರಿದ್ದಾರೆ. ಅದರಲ್ಲಿ ಲವಣಗಳು ಬಹಳ ಕಡಿಮೆಯಿರುವುದರಿಂದ ಅದೊಂದನ್ನೇ ಬಳಸುವುದು ಮೀನಿಗೆ ಹಿತವಲ್ಲ.

ಬಿಸಿಲು, ಮಳೆ ಮತ್ತು ವಿದ್ಯುತ್ತು

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಬಲ್ಲ ಆಮ್ಲಜನಕವು 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಆಮ್ಲಜನಕದ ಅಗತ್ಯ ಏರುತ್ತದೆ. ಮೇ ತಿಂಗಳ ಅಗ್ನಿನಕ್ಷತ್ರದ ದಿನಗಳಲ್ಲಿ, ತಂಪು ನೀರನ್ನು ಬಯಸುವ ಗೋಲ್ಡ್ ಫಿಶ್ ಬಳಲುವುದು ಇದರಿಂದಲೇ. ಮೀನಿನ ಕಿವಿರಿನ ಮೇಲೆ ಲೋಳೆಯೂ ದಪ್ಪವಾಗಿದ್ದರೆ ಇರುವ ಆಮ್ಲಜನಕವೂ ಒಳಹೋಗುವುದಿಲ್ಲ. ಆಗ ತೊಟ್ಟಿಯ ಮುಚ್ಚಳ ತೆರೆದು ಬಲೆ ಹೊದಿಸಿ, ಮೇಲ್ಮೈಗೆ ಫ್ಯಾನ್ ಗಾಳಿ ತಾಗುವಂತೆ ಮಾಡಿದರೆ ಒಂದೆರಡು ಡಿಗ್ರಿ ಇಳಿಯುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಹಾಕಬಾರದು. ಹಠಾತ್ ಬದಲಾವಣೆಯೇ ಹೊಸ ಒತ್ತಡವಾಗುತ್ತದೆ.

ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯಲ್ಲಿ ಸಮಸ್ಯೆ ಬೇರೆ. 2016ರ ವರ್ಧಾ, 2023ರ ಮಿಚಾಂಗ್ ಚಂಡಮಾರುತಗಳ ವೇಳೆ ಅನೇಕ ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ ಇರಲಿಲ್ಲ. ಏರ್ ಪಂಪ್ ನಿಂತರೆ ಉಸಿರಾಟಕ್ಕೆ ತೊಂದರೆ; ಫಿಲ್ಟರ್ ಬಹಳ ಹೊತ್ತು ನಿಂತರೆ ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾಗಳೂ ಸಾಯಲಾರಂಭಿಸುತ್ತವೆ. ಬ್ಯಾಟರಿಯ ಸಣ್ಣ ಏರ್ ಪಂಪ್ ಒಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಮೇಲು. ಅದಿಲ್ಲದಿದ್ದರೆ ಲೋಟದಲ್ಲಿ ತೊಟ್ಟಿಯದೇ ನೀರನ್ನು ಎತ್ತಿ ಮೇಲಿನಿಂದ ಆಗಾಗ ಸುರಿಯಬಹುದು. ಆ ದಿನಗಳಲ್ಲಿ ಆಹಾರವನ್ನು ನಿಲ್ಲಿಸಬೇಕು. ಆರೋಗ್ಯವಂತ ದೊಡ್ಡ ಮೀನು ಕೆಲವು ದಿನ ಉಪವಾಸವಿರಬಲ್ಲದು; ಕೊಳೆತ ಆಹಾರದ ಅಮೋನಿಯಾವನ್ನು ತಾಳಲಾರದು.

ಪರಾವಲಂಬಿಗಳ ಬಾಧೆ

ನೀರು ಸರಿಯಿದ್ದೂ ಲೋಳೆ ಹೆಚ್ಚಿದ್ದರೆ ಪರಾವಲಂಬಿಗಳನ್ನು ನೆನೆಯಬೇಕು. ಹಿಂದೆ ಕಾಸ್ಟಿಯಾ ಎಂದು ಕರೆಯುತ್ತಿದ್ದ ಇಕ್ತಿಯೋಬೋಡೋ, ಕೈಲೋಡೊನೆಲ್ಲಾ, ಟ್ರೈಕೋಡಿನಾ ಎಂಬ ಏಕಕೋಶ ಜೀವಿಗಳು ಚರ್ಮ ಮತ್ತು ಕಿವಿರುಗಳ ಮೇಲೆ ಬೆಳೆದು ಬೂದು ಪೊರೆಯನ್ನು ಉಂಟುಮಾಡುತ್ತವೆ. ಗೈರೋಡ್ಯಾಕ್ಟೈಲಸ್, ಡ್ಯಾಕ್ಟೈಲೋಗೈರಸ್ ಎಂಬ ಸೂಕ್ಷ್ಮ ಹುಳುಗಳು ಕ್ರಮವಾಗಿ ಚರ್ಮ ಮತ್ತು ಕಿವಿರುಗಳಿಗೆ ಕೊಕ್ಕೆಯಿಂದ ಅಂಟಿಕೊಳ್ಳುತ್ತವೆ. ಬಿಳಿಚುಕ್ಕೆ ರೋಗ ಅಥವಾ ಇಕ್ ಎಂಬುದರಲ್ಲಿ ರವೆಯ ಕಾಳಿನಂಥ ಚುಕ್ಕೆಗಳು ಕಾಣುತ್ತವೆ. ಆದರೆ ಚುಕ್ಕೆ ಕಾಣುವ ಮೊದಲೇ ಮೀನು ಮೈಯುಜ್ಜಲಾರಂಭಿಸಿರುತ್ತದೆ. ಮಾರ್ಗಶಿರದ ಚಳಿಗೆ ನೀರು ತಣ್ಣಗಾಗುವಾಗ ಇದರ ಕಾಟ ಹೆಚ್ಚು.

ಇವುಗಳಲ್ಲಿ ಬಹುಪಾಲು ಬರಿಗಣ್ಣಿಗೆ ಕಾಣುವಂಥವಲ್ಲ. ಮೈಯ ಲೋಳೆಯನ್ನು ಮೃದುವಾಗಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಖಚಿತ ವಿಧಾನ. ಬೆಲೆಬಾಳುವ ಮೀನುಗಳಿದ್ದವರು ಮೀನಿನ ರೋಗ ಬಲ್ಲ ಪಶುವೈದ್ಯರನ್ನೋ ಮತ್ಸ್ಯತಜ್ಞರನ್ನೋ ಕಾಣುವುದು ಯುಕ್ತ. ಊಹೆಯ ಮೇಲೆ ಆಂಟಿಬಯಾಟಿಕ್ ಸುರಿಯುವುದು ಸಲ್ಲದು. ಪರಾವಲಂಬಿಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಮೊದಲ ದಿನ ಮಾಡಬೇಕಾದುದು

ಲೋಳೆ ಕಂಡ ದಿನ ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು.

ಮೊದಲು ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ಪರೀಕ್ಷಿಸಬೇಕು. ಇದಕ್ಕೆ ಬೇಕಾದ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ಹೊಸ ನೀರಿನ ಪಿಎಚ್‌ಅನ್ನೂ ನೋಡಿ, ಎರಡಕ್ಕೂ ಹೆಚ್ಚು ಅಂತರವಿದ್ದರೆ ನಿಧಾನವಾಗಿ ಸಾಗಬೇಕು.

ಎರಡನೆಯದಾಗಿ ಕ್ಲೋರಿನ್ ಕಳೆದ, ಅದೇ ಉಷ್ಣತೆಯ ನೀರಿನಿಂದ ಕಾಲುಭಾಗವನ್ನು ಬದಲಿಸಬೇಕು. ಪಿಎಚ್‌ನ ಅಂತರ ದೊಡ್ಡದಿದ್ದರೆ ದಿನಕ್ಕೆ ಹತ್ತನೆಯ ಒಂದು ಭಾಗದಂತೆ ಕೆಲವು ದಿನ ಬದಲಿಸಬೇಕು. ಪೂರ್ತಿ ಬದಲಿಸಬಾರದು.

ಮೂರನೆಯದಾಗಿ ಏರ್ ಪಂಪಿನ ಗಾಳಿ ಹೆಚ್ಚಿಸಿ, ದೀಪ ಆರಿಸಿ, ಒಂದೆರಡು ದಿನ ಆಹಾರ ನಿಲ್ಲಿಸಬೇಕು. ಮೀನನ್ನು ಹಿಡಿಯಲೇಬೇಕಾದರೆ ಬಲೆಗಿಂತ ಬಟ್ಟಲು ಲೇಸು. ಒಣಗೈಯಲ್ಲಿ ಮುಟ್ಟಿದರೆ ಇರುವ ಲೋಳೆಯೂ ಕಿತ್ತುಬರುತ್ತದೆ.

ನಾಲ್ಕನೆಯದಾಗಿ ಉಪ್ಪು. ಬೇರೇನೂ ಬೆರಸದ ಕಲ್ಲುಪ್ಪನ್ನು ಲೀಟರಿಗೆ 1 ಗ್ರಾಂನಂತೆ ಬೇರೆ ಪಾತ್ರೆಯಲ್ಲಿ ಕರಗಿಸಿ ನಿಧಾನವಾಗಿ ಬೆರಸಬಹುದು. ಅವಶ್ಯವಿದ್ದರೆ ಎರಡು ಮೂರು ದಿನಗಳಲ್ಲಿ 3 ಗ್ರಾಂವರೆಗೆ ಏರಿಸಬಹುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಕಂಠಪೂರ್ತಿ ತುಂಬಿದರೆ ಸುಮಾರು 56 ಲೀಟರ್. ಕಲ್ಲು, ಖಾಲಿ ಜಾಗಗಳನ್ನು ಕಳೆದು ಲೆಕ್ಕ ಹಾಕಬೇಕು. ಉಪ್ಪು ಮೀನಿನ ಲವಣ ನಷ್ಟವನ್ನು ತಗ್ಗಿಸುತ್ತದೆ, ನೈಟ್ರೈಟ್ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ, ಕೆಲವು ಪರಾವಲಂಬಿಗಳನ್ನೂ ಹತ್ತಿಕ್ಕುತ್ತದೆ. ಆದರೆ ಲೋಚ್, ಕೋರಿಡೋರಸ್‌ನಂಥ ಮೀನುಗಳಿಗೂ ಜಲಸಸ್ಯಗಳಿಗೂ ಅದು ಅಷ್ಟಾಗಿ ಒಗ್ಗದು. ಉಪ್ಪು ತಾನಾಗಿ ಆವಿಯಾಗುವುದಿಲ್ಲ. ನೀರು ಬದಲಿಸಿದಷ್ಟೇ ಕಡಿಮೆಯಾಗುತ್ತದೆ.

ಇಷ್ಟಾದ ಮೇಲೂ ಗುಣ ಕಾಣದಿದ್ದರೆ ಮಾತ್ರ ಔಷಧದ ಮಾತು.

ಬಾರದಂತೆ ತಡೆಯುವುದು

ಹೊಸ ತೊಟ್ಟಿಯಲ್ಲಿ ಉಪಕಾರಿ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗೃಹಪ್ರವೇಶದ ದಿನವೇ ಹತ್ತು ಮೀನು ತಂದು ಬಿಡುವುದು ಸರಿಯಲ್ಲ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ಹೊಸ ಮೀನಿನ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಮೀನನ್ನು ಮಾತ್ರ ಬಿಡಬೇಕು. ಸಾಧ್ಯವಿದ್ದರೆ ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡಬೇಕು. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ರಜೆಯಲ್ಲಿ ಊರಿಗೆ ಹೋಗುವಾಗ ನೆರೆಯವರಿಗೆ ಆಹಾರದ ಡಬ್ಬಿಯನ್ನೇ ಕೊಡದೆ, ದಿನಕ್ಕಿಷ್ಟು ಎಂದು ಪೊಟ್ಟಣ ಕಟ್ಟಿಟ್ಟು ಹೋಗುವುದು ಜಾಣತನ.

ವೃತ್ತಿಯಿಂದ ಬ್ಯಾಂಕಿನವರಾದ ನಮಗೆ ಒಂದು ಅಭ್ಯಾಸ ಸಹಜವಾಗಿ ಬಂದಿದೆ. ತೊಟ್ಟಿಗೊಂದು ಚಿಕ್ಕ ಪುಸ್ತಕವಿಟ್ಟು ನೀರು ಬದಲಿಸಿದ ದಿನ, ಪ್ರಮಾಣ, ಎಲ್ಲಿಯ ನೀರು, ಪಿಎಚ್ ಎಷ್ಟು ಎಂಬುದನ್ನು ಬರೆದಿಡುತ್ತೇವೆ. ಮೀನು ಸಪ್ಪಗಾದ ದಿನ ಹಿಂದಿನ ಪುಟ ತಿರುವಿದರೆ ಕಾರಣ ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ. ಅಂದು ಉಳಿದ ಆ ಒಂದು ಗೋಲ್ಡ್ ಫಿಶ್ ಉಪ್ಪು, ಗಾಳಿ, ದಿನಕ್ಕೊಂದಿಷ್ಟು ನೀರಿನ ಬದಲಾವಣೆ ಇವುಗಳಿಂದಲೇ ಚೇತರಿಸಿಕೊಂಡು ಮುಂದೆ ನಾಲ್ಕು ವರ್ಷ ಬದುಕಿತು. ಈಗ ಆ ಪುಸ್ತಕವನ್ನು ಬರೆಯುವವಳು ನಮ್ಮ ಮಗಳು. ಮೀನು ಸಾಕುವ ಓದುಗರ ಮನೆಯಲ್ಲಿಯೂ ಇಂಥದೊಂದು ಪುಸ್ತಕ ಇಂದೇ ಆರಂಭವಾಗಲಿ ಎಂದು ಹಾರೈಸುತ್ತೇವೆ.